ಹಳೆ ಪಾಲಿಯೊ 1.6ಕ್ಕೆ ಅಗಲ ಟೈರ್ ಹಾಕಿಸಲಾ, ಬೇಡ್ವಾ?

ಕೆಂಪುಪಾಲಿಯೊ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ. ನನ್ನದು 2002ರ ಫಿಯಟ್ ಪಾಲಿಯೊ 1.6 ಜಿಟಿಎಕ್ಸ್ ಕಾರು. ಸೋದರಮಾವನ ಗಾಡಿ, ಆರು ವರ್ಷದ ಹಿಂದೆ ನನಗೆ ಬಂತು. 100 ಕುದುರೆಯ ಎಂಜಿನ್ ಈಗಲೂ ಗಟ್ಟಿ. ದಿನದ ಓಡಾಟಕ್ಕೆ ಸ್ಕೂಟರ್ ಇದೆ, ಇದನ್ನು ತೆಗೆಯುವುದು ಭಾನುವಾರ ಮಾತ್ರ. ಬೆಳಿಗ್ಗೆ ಆರಕ್ಕೆ ಹೊರಟು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್‌ನಲ್ಲಿ ನಾಲ್ಕು ತಿರುವು ಸುತ್ತಿ, ಒಂಬತ್ತಕ್ಕೆ ಮನೆಗೆ ಬಂದು ಅವಲಕ್ಕಿ ತಿನ್ನುವುದು. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು.

ಈಗ ಸಮಸ್ಯೆ. ಕಳೆದ ಎರಡು ಭಾನುವಾರ ಘಾಟ್‌ನಲ್ಲಿ ಮಳೆ. ಒಂದು ಎಡ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದೆ, ಮೂತಿ ಮಾತ್ರ ನೇರಕ್ಕೆ ಹೋಯಿತು. ಎದುರಿಗೆ ಯಾರೂ ಇರಲಿಲ್ಲ, ಬಚಾವಾದೆ. ಸ್ಪೀಡ್ ಜಾಸ್ತಿ ಇರಲಿಲ್ಲ, ಮೂರನೇ ಗೇರ್, ಐವತ್ತರ ಆಸುಪಾಸು. ಟೈರ್ 175/65 ಆರ್14, ಅಂದರೆ 175 ಮಿಲಿಮೀಟರ್ ಅಗಲ, 14 ಇಂಚಿನ ರಿಮ್. ಟೈರ್ ಮೇಲಿನ ಗೆರೆಗಳ ಗುಂಡಿ ಇನ್ನೂ ಚೆನ್ನಾಗಿ ಆಳ ಇದೆ, ಸವೆದಿಲ್ಲ. ಅಂದರೆ ಇಷ್ಟು ಶಕ್ತಿಯ ಗಾಡಿಗೆ 175 ಅಗಲ ಸಾಲುತ್ತಿಲ್ಲ ಅಂತ ನನ್ನ ಲೆಕ್ಕ.

ಒಬ್ಬ ಅಂಗಡಿಯವನ ಹತ್ತಿರ ಸೆಕೆಂಡ್ ಹ್ಯಾಂಡ್ 15 ಇಂಚಿನ ಅಲಾಯ್ ರಿಮ್ ಇದೆ, 7 ಇಂಚು ಅಗಲ. ನಾಲ್ಕಕ್ಕೆ 18 ಸಾವಿರ ಕೇಳುತ್ತಿದ್ದಾನೆ. ಅದರ ಮೇಲೆ 195/50 ಆರ್15 ಹಾಕೋಣ, ಕಣ್ಣು ಮುಚ್ಚಿ ತಗೊಳ್ಳಿ ಸರ್ ಅಂತಾನೆ. ಇಲ್ಲವೇ ನನ್ನ 14 ಇಂಚಿನ ರಿಮ್ ಇಟ್ಟುಕೊಂಡು 185 ಅಥವಾ 195ಕ್ಕೆ ಹೋಗಬಹುದು. ಅನುಭವ ಇರುವವರು ಹೇಳಿ.

ಗುಮ್ಮಟ28 (ವಿಜಯಪುರ)
ಹಾಕಿಬಿಡಿ. ಹಿಂದಿನಿಂದ ನೋಡಿದರೆ ಅಗಲ ಟೈರ್ ಚಂದ ಕಾಣುತ್ತದೆ. ಅರ್ಧ ಕೆಲಸ ಅದೇ ಅಲ್ವಾ?

ಲೇಥ್‌ಮನೆ (ಉದ್ಯಮಬಾಗ)
ದುಡ್ಡು ಕೊಡಬೇಡಿ, ನಿಲ್ಲಿ. ಆ ಅಲಾಯ್‌ನ ಪಿಸಿಡಿ ಎಷ್ಟು? ಅಂದರೆ ಎಷ್ಟು ಬೋಲ್ಟ್ ತೂತು, ಎದುರುಬದುರು ತೂತಿನ ನಡುವೆ ಎಷ್ಟು ಮಿಲಿಮೀಟರ್ ಅಂತ. ಪಾಲಿಯೊದ್ದು 4×98. ಸ್ವಿಫ್ಟ್, ಸಿಟಿ ಎಲ್ಲ 4×100. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಸಿಗುವ ಅಲಾಯ್ ನೂರಕ್ಕೆ ತೊಂಬತ್ತು 4×100 ಇರುತ್ತದೆ.

ಕೆಂಪುಪಾಲಿಯೊ (ಬೆಳಗಾವಿ)
ಅಂಗಡಿಯವನು ಎಲ್ಲ ನಾಲ್ಕು ಬೋಲ್ಟ್ ಗಾಡಿಗೂ ಕೂರುತ್ತದೆ ಅಂದ.

ಲೇಥ್‌ಮನೆ (ಉದ್ಯಮಬಾಗ)
ಕೂರುತ್ತದೆ. ಕೂತ ಮೇಲೆ ಏನಾಗುತ್ತದೆ ಅನ್ನೋದು ಅವನ ತಲೆನೋವಲ್ಲ.

ನೀವೇ ಅಳೆಯಿರಿ. ಒಂದು ತೂತಿನ ಹೊರ ಅಂಚಿನಿಂದ ಎದುರು ತೂತಿನ ಒಳ ಅಂಚಿಗೆ ಸ್ಕೇಲ್ ಇಡಿ. ತೂತು ಎರಡೂ ಒಂದೇ ಅಳತೆ ಇರುವುದರಿಂದ ನಡುವಿನಿಂದ ನಡುವಿಗೆ ಎಷ್ಟಿದೆಯೋ ಅದೇ ಸಿಗುತ್ತದೆ. ನಡುವಿನ ದೊಡ್ಡ ತೂತನ್ನೂ ಅಳೆಯಿರಿ. ಗಾಲಿ ಕೂರುವ ನಿಮ್ಮ ಹಬ್ 58.1 ಮಿಲಿಮೀಟರ್. ಅಲಾಯ್‌ನ ತೂತು ಅದಕ್ಕಿಂತ ದೊಡ್ಡದಿದ್ದರೆ ನಡುವೆ ರಿಂಗ್ ಬೇಕು, ಇಲ್ಲದಿದ್ದರೆ 80 ದಾಟಿದ ಮೇಲೆ ಸ್ಟಿಯರಿಂಗ್ ನಡುಗುತ್ತದೆ.

ಕಬ್ಬಿನಟ್ರಾಲಿ (ಅಥಣಿ)
ಸಾಹೇಬ್ರೆ, 50 ಪ್ರೊಫೈಲಿನ ಗಿಡ್ಡ ಗೋಡೆಯ ಟೈರ್ ಹಾಕಿಕೊಂಡು ನಮ್ಮ ಊರಿಗೆ ಬರಬೇಡಿ. ಕಬ್ಬಿನ ಸೀಸನ್ ಮುಗಿಯುವ ಹೊತ್ತಿಗೆ ರಸ್ತೆ ಯಾವುದು ಹೊಲ ಯಾವುದು ಗೊತ್ತಾಗುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಅದರ ಮೇಲೆ ಮನೆಯಷ್ಟು ಎತ್ತರ ಕಬ್ಬು. ಡಾಂಬರು ಹೇಗೆ ಉಳಿಯಬೇಕು? ನನ್ನ ತಮ್ಮ ಇಂಥದ್ದೇ ಶೋಕಿ ಮಾಡಿ ಎರಡು ವರ್ಷದಲ್ಲಿ ಮೂರು ರಿಮ್ ಸೊಟ್ಟ ಮಾಡಿಕೊಂಡ. ಪ್ರತಿ ಸಲ ತಟ್ಟಿಸಿ ನೇರ ಮಾಡಿಸುವುದು. ಈಗ ಕಾರು ಮಾರಿ ಬೊಲೆರೊ ತಗೊಂಡಿದ್ದಾನೆ.

ಮೇಷ್ಟ್ರು29 (ಬಾಗಲಕೋಟೆ)
ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು, ಸುಮ್ಮನಿರಲು ಆಗುತ್ತಿಲ್ಲ, ಕ್ಷಮಿಸಿ. ಅಗಲ ಟೈರ್ ಅಂದರೆ ನೆಲಕ್ಕೆ ತಾಗುವ ಜಾಗ ಜಾಸ್ತಿ ಅಂತ ಎಲ್ಲರೂ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಮುಂದಿನ ಒಂದು ಗಾಲಿಯ ಮೇಲೆ ಸುಮಾರು 300 ಕಿಲೋ ಭಾರ ಅಂತ ಇಟ್ಟುಕೊಳ್ಳೋಣ. ಗಾಳಿ 30 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ 2.1 ಕಿಲೋ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 140 ಚದರ ಸೆಂಟಿಮೀಟರ್ ಚಿಲ್ಲರೆ. ಒಂದು ಅಂಗೈಯಷ್ಟು. 175 ಹಾಕಿ, 195 ಹಾಕಿ, ಭಾರ ಅದೇ, ಗಾಳಿ ಅದೇ ಇದ್ದರೆ ಜಾಗವೂ ಹೆಚ್ಚುಕಮ್ಮಿ ಅಷ್ಟೇ. ಬದಲಾಗುವುದು ಆಕಾರ. ಉದ್ದ ಕಮ್ಮಿಯಾಗಿ ಅಗಲ ಜಾಸ್ತಿಯಾಗುತ್ತದೆ.

ಗುಮ್ಮಟ28 (ವಿಜಯಪುರ)
ಹಾಗಾದರೆ ರೇಸ್ ಕಾರಿಗೆ ಅಷ್ಟು ಅಗಲ ಟೈರ್ ಯಾಕೆ ಹಾಕುತ್ತಾರೆ ಮೇಷ್ಟ್ರೇ? ಅವರಿಗೆ ಫಿಸಿಕ್ಸ್ ಗೊತ್ತಿಲ್ವಾ?

ಮೇಷ್ಟ್ರು29 (ಬಾಗಲಕೋಟೆ)
ಅಗಲದಿಂದ ಲಾಭವೇ ಇಲ್ಲ ಅಂತ ನಾನು ಎಲ್ಲಿ ಹೇಳಿದೆ? ಅಡ್ಡ ಅಗಲ ಇದ್ದರೆ ತಿರುವಿನಲ್ಲಿ ರಬ್ಬರ್ ಕಡಿಮೆ ತಿರುಚಿಕೊಳ್ಳುತ್ತದೆ, ಬಿಸಿ ಹಂಚಿಕೊಳ್ಳುತ್ತದೆ. ಅದರಿಂದ ಮೆತ್ತಗಿನ ರಬ್ಬರ್ ಬಳಸಬಹುದು. ಹಿಡಿತ ಬರುವುದು ಆ ಮೆತ್ತಗಿನ ರಬ್ಬರಿನಿಂದ. ರೇಸಿನವರು ಮಳೆ ಬಂದರೆ ಬೇರೆ ಟೈರ್ ಹಾಕುತ್ತಾರೆ ಅನ್ನುವುದನ್ನೂ ಗಮನಿಸಿ. ಮಂಜಿನ ರಾಲಿಯಲ್ಲಂತೂ ಸೈಕಲ್ ಗಾಲಿಯ ಹಾಗೆ ಕಿರಿದಾದ ಮೊಳೆ ಟೈರ್ ಹಾಕುತ್ತಾರೆ.

ಎರೆಹೊಲ (ಮುದ್ದೇಬಿಹಾಳ)
ಇದು ನಮಗೆ ಫಿಸಿಕ್ಸ್ ಓದದೇ ಗೊತ್ತಿದೆ. ಮಳೆ ಬಿದ್ದ ಎರೆ ಹೊಲದಲ್ಲಿ ಹಳೆ ಕಬ್ಬಿಣದ ಪಟ್ಟಿಯ ಚಕ್ಕಡಿ ಹೋದರೆ ಗಾಲಿ ನಡುವಿನ ಗುಂಭದವರೆಗೆ ಇಳಿಯುತ್ತದೆ. ಟೈರ್ ಗಾಡಿ ಮೇಲೆ ತೇಲಿಕೊಂಡು ಹೋಗುತ್ತದೆ. ಹೊಲದಲ್ಲಿ ತೇಲಿದರೆ ಒಳ್ಳೆಯದು. ಡಾಂಬರಿನ ಮೇಲೆ ನೀರು ನಿಂತಾಗ ಕಾರು ತೇಲಿದರೆ? ಅಲ್ಲಿ ಗಾಲಿ ನೀರನ್ನು ಕತ್ತರಿಸಿ ಕೆಳಗೆ ಇಳಿಯಬೇಕು. ಕಿರಿದಾದದ್ದೇ ಬೇಗ ಇಳಿಯುತ್ತದೆ.

ಮೇಷ್ಟ್ರು29 (ಬಾಗಲಕೋಟೆ)
ನನ್ನ ಮೂರು ಪಿರಿಯಡ್ ಪಾಠ ನೀವು ಐದು ಸಾಲಿನಲ್ಲಿ ಮುಗಿಸಿದಿರಿ.

ಇಳಕಲ್‌ಕೆಂಪು (ಇಳಕಲ್)
ಒಂದು ಅನುಮಾನ. ಪಾಲಿಯೊ ಯಾವಾಗಿನಿಂದ ಸ್ಪೋರ್ಟ್ಸ್ ಕಾರ್ ಆಯಿತು? ನಾಲ್ಕು ಬಾಗಿಲು, ಹಿಂದೆ ಅಜ್ಜಿ ಕೂರುತ್ತಾರೆ, ಡಿಕ್ಕಿಯಲ್ಲಿ ಜೋಳದ ಚೀಲ.

ಕೆಂಪುಪಾಲಿಯೊ (ಬೆಳಗಾವಿ)
ಸ್ಪೋರ್ಟ್ಸ್ ಕಾರ್ ಅಂತ ನಾನು ಬರೆದೇ ಇಲ್ಲವಲ್ಲ! ಆದರೂ ಬಿಡುವುದಿಲ್ಲ. 2001ರಲ್ಲಿ ಪಾಲಿಯೊ ಬಂದಾಗ ನಮ್ಮಲ್ಲಿ ಸಣ್ಣ ಕಾರು ಅಂದರೆ ಆಲ್ಟೊ, ಸ್ಯಾಂಟ್ರೊ. ಅಂಥ ಕಾಲದಲ್ಲಿ 1596 ಸಿಸಿ, 16 ವಾಲ್ವ್, 100 ಕುದುರೆ. ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್. ನಾನು ಆಗ ಒಂಬತ್ತನೇ ಕ್ಲಾಸು. ಮಾವ ಇದನ್ನು ತಂದ ದಿನ ಓಣಿಯ ಹುಡುಗರೆಲ್ಲ ಸಾಲಾಗಿ ನಿಂತು ಬಾನೆಟ್ ಮುಟ್ಟಿದ್ದೇವೆ.

ಇಳಕಲ್‌ಕೆಂಪು (ಇಳಕಲ್)
ಮುಟ್ಟಿರಬಹುದು. ಸ್ಪೋರ್ಟ್ಸ್ ಕಾರ್ ಅಂದರೆ ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್ ಬಾಡಿ, ಮೇಲಿನ ಹೊದಿಕೆ ತೆಗೆಯಬಹುದು. ಗೋವಾದಲ್ಲಿ ಒಂದು ಸಲ ನೋಡಿದ್ದೇನೆ.

ಗುಮ್ಮಟ28 (ವಿಜಯಪುರ)
ಅದರಲ್ಲಿ ಇದ್ದದ್ದು ರೆನೋದ 1149 ಸಿಸಿ ಎಂಜಿನ್, 60 ಕುದುರೆ. ಪಾಲಿಯೊದ ಹಿಂದೆ ಹೊಗೆ ಕುಡಿಯಬೇಕು.

ಇಳಕಲ್‌ಕೆಂಪು (ಇಳಕಲ್)
ಕುದುರೆ ಎಣಿಸುವುದಾದರೆ ನಮ್ಮ ಗ್ರಾನೈಟ್ ಲಾರಿಯೂ ಸ್ಪೋರ್ಟ್ಸ್ ಕಾರೇ.

ಖಾನಾಪುರದಕ್ಕ (ಖಾನಾಪುರ)
ನೀವೆಲ್ಲ ಎಲ್ಲಿಗೋ ಹೋಗಿಬಿಟ್ಟಿರಿ. ನಾನು ವಾರಕ್ಕೆ ಎರಡು ಸಲ ಗೋವಾಕ್ಕೆ ತರಕಾರಿ ವ್ಯಾನ್ ಓಡಿಸುತ್ತೇನೆ, ಮಳೆಗಾಲದಲ್ಲೂ ಅದೇ ಚೋರ್ಲಾ. ನನ್ನ ವ್ಯಾನಿನ ಟೈರ್ ಪಾಲಿಯೊದ್ದಕ್ಕಿಂತ ಕಿರಿದು. ಮೇಲೆ ಟೊಮೆಟೊ, ಕೋಸು ತುಂಬಿರುತ್ತದೆ. ಒಂದು ದಿನವೂ ಮೂತಿ ನೇರಕ್ಕೆ ಹೋಗಿಲ್ಲ. ಹಾಗಾಗಿ ಅಗಲ ಸಾಲದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ತಮ್ಮಾ, ಒಂದು ಕೆಲಸ ಮಾಡು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇರುತ್ತದೆ. ಅದರ ಕೊನೆಯಲ್ಲಿ ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಹೊರಗಡೆ ಕಾಣದಿದ್ದರೆ ಒಳಮೈಯಲ್ಲಿ ನೋಡು, ಬಗ್ಗಬೇಕಾಗುತ್ತದೆ. ಆ ನಾಲ್ಕು ಅಂಕಿ ಇಲ್ಲಿ ಬರೆ.

ಕೆಂಪುಪಾಲಿಯೊ (ಬೆಳಗಾವಿ)
ಮಳೆಯಲ್ಲೇ ಹೋಗಿ ನೋಡಿ ಬಂದೆ ಅಕ್ಕಾ. ಮುಂದಿನ ಎರಡರ ಮೇಲೆ 1114. ಹಿಂದಿನವು 1014. ಸ್ಟೆಪ್ನಿ ಮೇಲೆ 3802.

ಖಾನಾಪುರದಕ್ಕ (ಖಾನಾಪುರ)
ಸಿಕ್ಕಿತು ನೋಡು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಿನ್ನ ಟೈರ್ ತಯಾರಾದದ್ದು 2014ರ ಹನ್ನೊಂದನೇ ವಾರ. ಅಂದರೆ ಆ ವರ್ಷದ ಮಾರ್ಚ್. ಗುಂಡಿ ಆಳ ಇದೆ ಅಂತ ಖುಷಿಪಡುತ್ತಿದ್ದೀಯ. ನೀನು ಓಡಿಸುವುದೇ ಇಲ್ಲ, ಹೇಗೆ ಸವೆಯಬೇಕು? ರಬ್ಬರ್ ಮಾತ್ರ ನಿಂತಲ್ಲೇ ಒಣಗಿದೆ. ಬೆರಳಿನ ಉಗುರು ಒತ್ತಿ ನೋಡು. ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಒಳಗೆ ಹೋಗುತ್ತದೆ. ನಿನ್ನದರಲ್ಲಿ ಉಗುರು ಮುರಿಯುತ್ತದೆ.

ಗುಮ್ಮಟ28 (ವಿಜಯಪುರ)
ಸ್ಟೆಪ್ನಿ 2002!! ಅದು ಗಾಡಿಯ ಜೊತೆಗೇ ಹುಟ್ಟಿದ್ದು. ಅದನ್ನು ಪುರಾತತ್ವದವರಿಗೆ ಕೊಡಿ, ನಮ್ಮ ಗೋಳಗುಮ್ಮಟದ ಮ್ಯೂಸಿಯಂನಲ್ಲಿ ಮಲಿಕ್-ಎ-ಮೈದಾನ್ ತೋಪಿನ ಮದ್ದುಗುಂಡು ಅಂತ ಇಡುತ್ತಾರೆ.

ಎರೆಹೊಲ (ಮುದ್ದೇಬಿಹಾಳ)
ಮಲಿಕ್-ಎ-ಮೈದಾನ್ ಇರುವುದು ಬುರುಜಿನ ಮೇಲೆ, ಮ್ಯೂಸಿಯಂನಲ್ಲಿ ಅಲ್ಲ.

ಗುಮ್ಮಟ28 (ವಿಜಯಪುರ)
ತೋಪು ಬುರುಜಿನ ಮೇಲೆ. ಗುಂಡು ಎಲ್ಲಿ ಬೇಕಾದರೂ ಇಡಬಹುದು ರೀ.

ಕೆಂಪುಪಾಲಿಯೊ (ಬೆಳಗಾವಿ)
ಉಗುರು ಒತ್ತಿದೆ. ನೆಲದ ಫರ್ಸಿ ಒತ್ತಿದ ಹಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಗುಂಡಿಗಳ ಬುಡದಲ್ಲಿ ಕೂದಲಿನಂಥ ಬಿರುಕು. ಇಷ್ಟು ವರ್ಷ ತೊಳೆದು ಪಾಲಿಶ್ ಹಚ್ಚಿದ್ದೇನೆ, ಒಂದು ದಿನ ಕಣ್ಣಿಗೆ ಬಿದ್ದಿಲ್ಲ. ನಾಚಿಕೆಯಾಗುತ್ತಿದೆ.

ಸರಿ, ಟೈರ್ ಹೇಗೂ ಬದಲಾಯಿಸಲೇಬೇಕು. ಬದಲಾಯಿಸುವಾಗ ಅಗಲದ್ದೇ ಹಾಕಿದರೆ ಏನು ನಷ್ಟ? ಪ್ರಶ್ನೆ ಅಲ್ಲಿಗೇ ಬಂತು.

ಲೇಥ್‌ಮನೆ (ಉದ್ಯಮಬಾಗ)
ಅಲಾಯ್ ಅಳೆದಿರಾ?

ಕೆಂಪುಪಾಲಿಯೊ (ಬೆಳಗಾವಿ)
ಇವತ್ತು ಸಂಜೆ ಅಂಗಡಿಗೆ ಹೋಗಿ ಅಳೆದೆ. ಸರಿಯಾಗಿ 100. ನಡುವಿನ ತೂತು 73 ಮಿಲಿಮೀಟರ್. ಅಂಗಡಿಯವನು 2 ಮಿಲಿ ವ್ಯತ್ಯಾಸ ಏನೂ ಅಲ್ಲ, ಎಷ್ಟೋ ಜನ ಹಾಕಿಸಿಕೊಂಡು ಓಡಾಡುತ್ತಿದ್ದಾರೆ ಅಂದ.

ಲೇಥ್‌ಮನೆ (ಉದ್ಯಮಬಾಗ)
ಓಡಾಡುತ್ತಾರೆ. ಬಿದ್ದವರು ಬಂದು ಹೇಳುವುದಿಲ್ಲ.

ಏನಾಗುತ್ತದೆ ಹೇಳುತ್ತೇನೆ ಕೇಳಿ. 98ರ ಹಬ್ಬಿಗೆ 100ರ ಗಾಲಿ ಇಟ್ಟರೆ ಪ್ರತಿ ತೂತು 1 ಮಿಲಿ ಹೊರಗೆ ಇರುತ್ತದೆ. ಮೊದಲ ಬೋಲ್ಟ್ ಬಿಗಿಯಾದಾಗ ಗಾಲಿ ಅದರ ಕಡೆ ಜರುಗುತ್ತದೆ. ಎದುರಿನ ಬೋಲ್ಟಿಗೆ ಈಗ 2 ಮಿಲಿ ಅಂತರ. ಅದನ್ನು ಬೋಲ್ಟ್ ಬಿಗಿಯುವ ಗನ್ ಹಿಡಿದು ಒತ್ತಾಯದಿಂದ ಬಿಗಿಯುತ್ತಾರೆ. ಬೋಲ್ಟಿನ ತಲೆಯ ಕೆಳಗೆ ಕೋನ್ ಆಕಾರ ಇದೆಯಲ್ಲ, ಅದು ಪೂರ್ತಿ ಕೂರುವುದೇ ಇಲ್ಲ, ಒಂದು ಅಂಚು ಮಾತ್ರ ತಾಗುತ್ತದೆ. ಬೋಲ್ಟ್ ಬಾಗಿಕೊಂಡೇ ಕೆಲಸ ಮಾಡುತ್ತದೆ. ಸ್ವಲ್ಪ ದಿನಕ್ಕೆ ಸಡಿಲ, ಇಲ್ಲವೇ ಕುತ್ತಿಗೆಯಲ್ಲಿ ಬಿರುಕು. ನಡುವಿನ ತೂತು 73, ಹಬ್ 58. ಅಂದರೆ ಗಾಲಿಯನ್ನು ನಡುವಿನಲ್ಲಿ ಹಿಡಿದಿಡುವುದೂ ಏನೂ ಇಲ್ಲ.

ಫಿಯಟ್‌ನಲ್ಲಿ ನಟ್ ಇಲ್ಲ, ಬೋಲ್ಟ್. 12 ಮಿಲಿ, 1.25ರ ಪಿಚ್. ನನ್ನ ಹತ್ತಿರ ಒಂದು ಸಿಯೆನಾ ಬಂದಿತ್ತು, ಇದೇ ಕಥೆ. ಮೂರನೇ ರೈಲ್ವೆ ಗೇಟ್ ಹತ್ತಿರ ಟಕ್ ಅಂತ ಸದ್ದಾಯಿತಂತೆ. ಬಿಚ್ಚಿದರೆ ಒಂದು ಬೋಲ್ಟ್ ತುಂಡಾಗಿ ಅರ್ಧ ಹಬ್ಬಿನೊಳಗೆ ಉಳಿದಿದೆ, ಇನ್ನೆರಡು ಕೈಯಲ್ಲೇ ತಿರುಗುತ್ತಿವೆ. ಒಳಗಿನ ತುಂಡು ತೆಗೆಯಲು ಅರ್ಧ ದಿನ ಹೋಯಿತು. ಘಾಟ್‌ನಲ್ಲಿ ಆಗಿದ್ದರೆ ನನ್ನ ಹತ್ತಿರ ತರುವ ಕೆಲಸವೇ ಇರುತ್ತಿರಲಿಲ್ಲ.

ಟ್ಯೂನಿಂಗ್‌ಹುಡುಗ (ಗೋಕಾಕ)
ವಾಬಲ್ ಬೋಲ್ಟ್ ಅಂತ ಬರುತ್ತವೆ ಅಣ್ಣಾ. ಕೋನ್ ಬೇರೆ, ಬೋಲ್ಟ್ ಬೇರೆ ಇರುತ್ತದೆ, ಅಲ್ಲಾಡಿಕೊಂಡು ಸರಿಯಾದ ಜಾಗಕ್ಕೆ ಕೂರುತ್ತದೆ. 2 ಮಿಲಿಗೆ ಅಂತಲೇ ಮಾಡಿರುವುದು. ಸುಮ್ನೆ ಹೆದರಿಸಬೇಡಿ.

ಲೇಥ್‌ಮನೆ (ಉದ್ಯಮಬಾಗ)
ಬರುತ್ತವೆ, ಒಳ್ಳೆಯ ಕಂಪನಿಯದು, ಜೊತೆಗೆ ಸರಿಯಾದ ಹಬ್ ರಿಂಗ್ ಇದ್ದರೆ ಕೆಲಸವೂ ಮಾಡುತ್ತವೆ. ಒಪ್ಪುತ್ತೇನೆ. ಆದರೆ 7 ಇಂಚಿನ ಅಗಲಕ್ಕೆ ಯಾವ ಬೋಲ್ಟ್ ಇದೆ? ಈಗಿನ ರಿಮ್ ಎಷ್ಟು ಅಂತ ಕಡ್ಡಿಗಳ ಹಿಂದೆ ಬರೆದಿರುತ್ತದೆ, ನೋಡಿ.

ಕೆಂಪುಪಾಲಿಯೊ (ಬೆಳಗಾವಿ)
5.5 ಜೆ × 14 ಅಂತ ಇದೆ.

ಲೇಥ್‌ಮನೆ (ಉದ್ಯಮಬಾಗ)
ಐದೂವರೆಯಿಂದ ಏಳಕ್ಕೆ ಹೋದರೆ ಒಂದೂವರೆ ಇಂಚು, ಅಂದರೆ 38 ಮಿಲಿ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಜಾಗಕ್ಕೆ ಇರುವ ದೂರ) ಒಂದೇ ಇದ್ದರೆ ಒಳಗೆ 19, ಹೊರಗೆ 19. ಒಳಗಡೆ ಶಾಕ್ ಅಬ್ಸಾರ್ಬರಿನ ಸ್ಟ್ರಟ್ ಇದೆ. ಹೊರಗಡೆ ಮಡ್‌ಗಾರ್ಡಿನ ಅಂಚು. ಒಬ್ಬರೇ ಕೂತಾಗ ಏನೂ ಗೊತ್ತಾಗುವುದಿಲ್ಲ. ಹಿಂದೆ ಮೂರು ಜನ ಕೂರಿಸಿ ಒಂದು ಹಂಪ್ ಹಾರಿಸಿ, ಕರ್ ಅಂತ ಉಜ್ಜುತ್ತದೆ.

ಟ್ಯೂನಿಂಗ್‌ಹುಡುಗ (ಗೋಕಾಕ)
ಅಂಚು ಬಡಿದು ಮಡಚಿದರೆ ಆಯಿತು. ನನ್ನ ಜೆನ್‌ಗೆ ಹಾಗೇ ಮಾಡಿದ್ದೇನೆ.

ಕಬ್ಬಿನಟ್ರಾಲಿ (ಅಥಣಿ)
ಮಡಚಿದ ಕಡೆ ಬಣ್ಣ ಬಿರಿದು ತುಕ್ಕು ಹಿಡಿದಿಲ್ವಾ?

ಟ್ಯೂನಿಂಗ್‌ಹುಡುಗ (ಗೋಕಾಕ)
ಹಿಡಿದಿದೆ.

ಮೇಷ್ಟ್ರು29 (ಬಾಗಲಕೋಟೆ)
ನಾನು ಅಳತೆಗಳನ್ನು ಲೆಕ್ಕ ಹಾಕಿದ್ದೇನೆ. ಮೊದಲ ಸಂಖ್ಯೆ ಅಗಲ ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಎಷ್ಟು ಪಾಲು ಅಂತ. ಮೂರನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಈಗಿನ 175/65 ಆರ್14ರ ಪೂರ್ತಿ ವ್ಯಾಸ 583 ಮಿಲಿ. 185/60 ಆರ್14 ಹಾಕಿದರೆ 577.6, ಅಂದರೆ ಶೇಕಡ 1ರಷ್ಟು ಚಿಕ್ಕದು. 195/60 ಆರ್14 ಆದರೆ 589.6, ಶೇಕಡ 1ರಷ್ಟು ದೊಡ್ಡದು. 185/65 ಆರ್14 ಹಾಕಬೇಡಿ, 596ಕ್ಕೆ ಹೋಗುತ್ತದೆ, ಶೇಕಡ 2ಕ್ಕಿಂತ ಜಾಸ್ತಿ. ಮೀಟರ್ 100 ತೋರಿಸುವಾಗ ನೀವು ಮೊದಲಿಗಿಂತ 2 ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಇರುತ್ತೀರಿ, ಎಳೆತವೂ ಸ್ವಲ್ಪ ಮಂದ.

ಅಂಗಡಿಯವನ 195/50 ಆರ್15 ವ್ಯಾಸ 576. ಮೀಟರ್ ಲೆಕ್ಕಕ್ಕೆ ತಪ್ಪಿಲ್ಲ. ಆದರೆ ಪಕ್ಕದ ಗೋಡೆ ಈಗ ಸುಮಾರು 114 ಮಿಲಿ ಇರುವುದು 97.5ಕ್ಕೆ ಇಳಿಯುತ್ತದೆ. ರಸ್ತೆಯ ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಯುವುದು ಆ ಗೋಡೆಯೇ. 16 ಮಿಲಿ ಕಾವಲು ಹೋಯಿತು. ಅಥಣಿಯವರ ತಮ್ಮನಿಗೆ ಆದದ್ದು ಇದೇ.

ಅಳತೆಯ ನಂತರ ಬರೆದಿರುವ ಭಾರದ ಸಂಖ್ಯೆ, ವೇಗದ ಅಕ್ಷರವನ್ನೂ ನೋಡಿ. 82 ಅಂದರೆ ಒಂದು ಟೈರಿಗೆ 475 ಕಿಲೋ. 86 ಅಂದರೆ 530. ಟಿ ಅಂದರೆ 190 ಕಿಲೋಮೀಟರ್, ಎಚ್ ಅಂದರೆ 210. ಈಗ ಇರುವುದಕ್ಕಿಂತ ಕಮ್ಮಿ ಸಂಖ್ಯೆಯದನ್ನು ತರಬೇಡಿ.

ಗುಮ್ಮಟ28 (ವಿಜಯಪುರ)
ಹಾಗಾದರೆ 14 ಇಂಚಿನಲ್ಲೇ 195/60 ಹಾಕಲಿ. ಮೀಟರ್ ಸರಿ, ಗೋಡೆ ಎತ್ತರ, ಅಗಲವೂ ಸಿಕ್ಕಿತು. ನನ್ನ ಮಾತೂ ಉಳಿಯಿತು.

ಲೇಥ್‌ಮನೆ (ಉದ್ಯಮಬಾಗ)
ಹಾಕಬಹುದು. 195/60ಕ್ಕೆ ರಿಮ್ ಕನಿಷ್ಠ 5.5 ಬೇಕು, ಇವರದು ಸರಿಯಾಗಿ ಅಷ್ಟೇ ಇದೆ. ಗೋಡೆ ಸ್ವಲ್ಪ ಉಬ್ಬಿಕೊಂಡು ನಿಲ್ಲುತ್ತದೆ. ತಿರುವಿನಲ್ಲಿ ಆ ಉಬ್ಬು ಮೊದಲು ವಾಲುತ್ತದೆ, ಆಮೇಲೆ ಗಾಡಿ ತಿರುಗುತ್ತದೆ. 185/60ಕ್ಕೆ 5.5 ರಿಮ್ಮೇ ಸರಿಯಾದ ಅಳತೆ. ಚುರುಕಾಗಿ ತಿರುಗಬೇಕು ಅಂದರೆ 185. ಘಾಟ್‌ಗೆ ಹೋಗುವವರಿಗೆ ನಾನು ಅದನ್ನೇ ಹೇಳುವುದು.

ಸುಮ್ನೆಓದುಗ (ಜಮಖಂಡಿ)
ನೈಟ್ರೋಜನ್ ಗಾಳಿ ಹಾಕಿಸಿ ಸರ್, ಹಿಡಿತ ಜಾಸ್ತಿ ಬರುತ್ತದೆ.

ಮೇಷ್ಟ್ರು29 (ಬಾಗಲಕೋಟೆ)
ಪೆಟ್ರೋಲ್ ಬಂಕಿನ ಪುಕ್ಕಟೆ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ. ಹಿಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಗಾಳಿ ಕಮ್ಮಿ ಆಗದಂತೆ ನೋಡಿಕೊಳ್ಳಿ, ಅದು ಮುಖ್ಯ. ಗಾಳಿ ಕಮ್ಮಿ ಇದ್ದ ಟೈರ್ ನೀರಿನ ಮೇಲೆ ಇನ್ನೂ ಬೇಗ ತೇಲುತ್ತದೆ.

ಘಟಪ್ರಭಾ (ಮುಧೋಳ)
ತೇಲುವ ಮಾತು ಬಂತಲ್ಲ, ಕೊಲ್ಹಾರ ಸೇತುವೆ ಮೇಲೆ ನನ್ನ ಓಮ್ನಿ ಗಾಳಿಗೆ ಒಂದು ಅಡಿ ಪಕ್ಕಕ್ಕೆ ಹೋಗಿತ್ತು. ಮೂರು ಕಿಲೋಮೀಟರ್ ಉದ್ದದ ಸೇತುವೆ, ಕೆಳಗೆ ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ, ಪಕ್ಕದಲ್ಲಿ ಕೂತ ನಮ್ಮವರು ಹನುಮಪ್ಪನ ಹೆಸರು ಹೇಳುತ್ತಿದ್ದರು. ಇದಕ್ಕೆ ಅಗಲ ಟೈರ್ ಹಾಕಿದರೆ ಸರಿ ಹೋಗುತ್ತದಾ?

ಇಳಕಲ್‌ಕೆಂಪು (ಇಳಕಲ್)
ಓಮ್ನಿಗೆ ಹನುಮಪ್ಪನೇ ಗಟ್ಟಿ.

ಖಾನಾಪುರದಕ್ಕ (ಖಾನಾಪುರ)
ತಮ್ಮಾ, ಟೈರ್ ಕೊಳ್ಳುವಾಗ ಅಂಗಡಿಯಲ್ಲಿ ನಿಂತೇ ಆ ನಾಲ್ಕು ಅಂಕಿ ನೋಡು. ನಾಲ್ಕರಲ್ಲೂ ನೋಡು. ನನಗೆ ಒಂದು ಸಲ ಎರಡು ಹೊಸವು, ಎರಡು ಮೂರು ವರ್ಷ ಗೋದಾಮಿನಲ್ಲಿ ಬಿದ್ದವು ಸೇರಿಸಿ ಕೊಟ್ಟಿದ್ದರು. ಬೆಲೆ ಮಾತ್ರ ಒಂದೇ. ಮತ್ತೆ, ಪ್ಯಾಕಿನ ಮೇಲೆ ಬರೆದ ಮೈಲೇಜ್ ಮಾತಿಗೆ ಮರುಳಾಗಬೇಡ. ಲಕ್ಷ ಕಿಲೋಮೀಟರ್ ಬಾಳಿಕೆ ಬರುವ ಟೈರ್ ಗಟ್ಟಿ ಇರುತ್ತದೆ. ನೀನು ವರ್ಷಕ್ಕೆ ಮೂರು ಸಾವಿರ ಓಡಿಸುವವನು. ಮಳೆಯಲ್ಲಿ ಹಿಡಿಯುವ ಮೆತ್ತಗಿನದ್ದು ತಗೋ. ಅದು ಸವೆಯುವ ಮೊದಲು ವಯಸ್ಸಾಗುತ್ತದೆ.

ಲೇಥ್‌ಮನೆ (ಉದ್ಯಮಬಾಗ)
ಅಕ್ಕ ಹೇಳಿದ್ದು ನೂರಕ್ಕೆ ನೂರು. ಜೊತೆಗೆ ಮುಂದಿನ ಗಾಲಿಯನ್ನು ಹಿಡಿದಿರುವ ಲೋಯರ್ ಆರ್ಮಿನ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಇಪ್ಪತ್ತು ವರ್ಷ ದಾಟಿದ ರಬ್ಬರ್ ಟೈರಿನಲ್ಲಿ ಮಾತ್ರ ಇರುವುದಿಲ್ಲ.

ಕೆಂಪುಪಾಲಿಯೊ (ಬೆಳಗಾವಿ)
ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಲಾಯ್ ಬಿಟ್ಟೆ. ಅಂಗಡಿಯವನು ಈಗ ಹದಿನಾಲ್ಕು ಸಾವಿರಕ್ಕೆ ಇಳಿದಿದ್ದಾನೆ, ದಿನಾ ಫೋನ್ ಮಾಡುತ್ತಾನೆ.

ಬೇರೆ ಕಡೆ 185/60 ಆರ್14 82 ಎಚ್ ಹಾಕಿಸಿದೆ. ಐದು ಟೈರ್, ಒಂದಕ್ಕೆ 5,200. ಮೊದಲು ತಂದ ಐದರಲ್ಲಿ ಒಂದರ ಅಂಕಿ ಹಳೆಯದಿತ್ತು. ಅಕ್ಕನ ಮಾತು ನೆನಪಾಗಿ ಬದಲಾಯಿಸಲು ಹೇಳಿದೆ. ಅವರು ಮುಖ ಸಿಂಡರಿಸಿಕೊಂಡೇ ಬದಲಾಯಿಸಿದರು. ಬಲಗಡೆಯ ಲೋಯರ್ ಆರ್ಮ್ ಬುಷ್ ಹರಿದು ಎರಡು ಭಾಗ ಆಗಿತ್ತು. ಎರಡೂ ಕಡೆ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಮೊದಲ ಇನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಅಂದರು, ಹೊಸ ರಬ್ಬರಿನ ಮೇಲೆ ಜಿಗುಟು ಜಾರುವ ಪದರ ಇರುತ್ತದಂತೆ. ಹಾಗೇ ಮಾಡಿದೆ.

ನಿನ್ನೆ ಭಾನುವಾರ. ಕಣಕುಂಬಿ ದಾಟುತ್ತಿದ್ದ ಹಾಗೆ ಮಂಜು, ಆಮೇಲೆ ಧೋ ಅಂತ ಮಳೆ. ಅದೇ ಎಡ ತಿರುವು. ಮೂರನೇ ಗೇರ್. ಹೊಟ್ಟೆಯಲ್ಲಿ ಸ್ವಲ್ಪ ಕಳವಳ ಇತ್ತು, ಸುಳ್ಳು ಯಾಕೆ ಹೇಳಲಿ. ಸ್ಟಿಯರಿಂಗ್ ತಿರುಗಿಸಿದೆ, ಮೂತಿ ತಿರುಗಿತು. ಅಷ್ಟೇ. ಏನೂ ಆಗಲಿಲ್ಲ ಅನ್ನುವುದೇ ಸುದ್ದಿ. ಮುಂದೆ ಬಂದು ಗಾಡಿ ನಿಲ್ಲಿಸಿ ಇಳಿದು ಟೈರಿಗೆ ಕೈ ಮುಟ್ಟಿ ಬಂದೆ. ಪಾರ್ಕಿಂಗ್ ಮಾಡುವಾಗ ಸ್ಟಿಯರಿಂಗ್ ಕೂದಲೆಳೆಯಷ್ಟು ಭಾರ ಅನಿಸುತ್ತದೆ, ಅದು ಬಿಟ್ಟರೆ ದೂರು ಇಲ್ಲ.

ಮೇಷ್ಟ್ರು29 (ಬಾಗಲಕೋಟೆ)
ಸಂತೋಷ. ಆದರೆ ಪ್ರಯೋಗ ಸರಿಯಾಗಿಲ್ಲ. ಟೈರ್ ಹೊಸದು, ಅಗಲ ಬೇರೆ, ಬುಷ್ ಹೊಸದು, ಅಲೈನ್‌ಮೆಂಟೂ ಹೊಸದು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಹೇಳುತ್ತೀರಿ? ಹೊಸ 175 ಹಾಕಿದ್ದರೂ ಇದೇ ಆಗುತ್ತಿತ್ತು ಅಂತ ನನ್ನ ಅನುಮಾನ.

ಕೆಂಪುಪಾಲಿಯೊ (ಬೆಳಗಾವಿ)
ಆಗುತ್ತಿತ್ತೇನೋ ಮೇಷ್ಟ್ರೇ. ಆದರೆ ಹಿಂದಿನಿಂದ ನೋಡಿದರೆ ಚಂದ ಕಾಣುತ್ತದೆ.

ಗುಮ್ಮಟ28 (ವಿಜಯಪುರ)
ಮೊದಲನೇ ಉತ್ತರವೇ ಸರಿ ಇತ್ತು. ನೀವು ಹದಿನೈದು ದಿನ ತಗೊಂಡಿರಿ.

ಟ್ಯೂನಿಂಗ್‌ಹುಡುಗ (ಗೋಕಾಕ)
ಅಣ್ಣಾ, ಆ 2002ರ ಸ್ಟೆಪ್ನಿ ಟೈರ್ ಮಾರುತ್ತೀರಾ?

ಕೆಂಪುಪಾಲಿಯೊ (ಬೆಳಗಾವಿ)
ಯಾವುದಕ್ಕೆ ಮಾರಾಯಾ?

ಟ್ಯೂನಿಂಗ್‌ಹುಡುಗ (ಗೋಕಾಕ)
ಜೋಕಾಲಿ ಕಟ್ಟಲು. ಪಂಚಮಿಗೆ ತಂಗಿ ಕೇಳಿದ್ದಾಳೆ. ಬೆಲೆಗೆ ಬದಲು ಗೋಕಾಕದ ಕರದಂಟು ಒಂದು ಕಿಲೋ ಕೊಡುತ್ತೇನೆ.

ಇಳಕಲ್‌ಕೆಂಪು (ಇಳಕಲ್)
ಕರದಂಟು ಅಂದರೆ ಅಮೀನಗಡದ್ದು. ಗೋಕಾಕದ್ದು ತಗೊಂಡು ಮೋಸ ಹೋಗಬೇಡಿ.

ಟ್ಯೂನಿಂಗ್‌ಹುಡುಗ (ಗೋಕಾಕ)
ಏನಂದ್ರಿ?

ಕಬ್ಬಿನಟ್ರಾಲಿ (ಅಥಣಿ)
ಬಂತು ನೋಡಿ ನಿಜವಾದ ಜಗಳ. ಎರಡಕ್ಕೂ ಬೆಲ್ಲ ನಮ್ಮ ಕಬ್ಬಿನದ್ದೇ.

ಖಾನಾಪುರದಕ್ಕ (ಖಾನಾಪುರ)
ಜೋಕಾಲಿಗೆ ಕಟ್ಟುವ ಮೊದಲು ಬಿರುಕು ನೋಡಪ್ಪ. ಇಪ್ಪತ್ತು ವರ್ಷದ ರಬ್ಬರ್. ಹಗ್ಗ ಹೊಸದು ತಗೋ, ಕೂರಲು ಮಣೆ ಹಾಕು. ಟೈರ್ ಗುಜರಿಗೆ ಕೊಡು.

ಟ್ಯೂನಿಂಗ್‌ಹುಡುಗ (ಗೋಕಾಕ)
ಆಯಿತು ಅಕ್ಕಾ. ಅಂದಹಾಗೆ ನನ್ನ ಜೆನ್ ಟೈರ್ ನೋಡಿ ಬಂದೆ. 4515.